ಸಂಡರ್‌ಲ್ಯಾಂಡ್ ಈ ಸಲ ಪ್ರೀಮಿಯರ್ ಲೀಗ್‌ನಲ್ಲಿ ಉಳಿಯುತ್ತಾ? ನನ್ನ ಪ್ರಕಾರ ಇಲ್ಲ

ಕುದ್ರೋಳಿ_ಕೀಪರ್ · ಆಗಸ್ಟ್ 9, 2025

ಮಳೆಗಾಲ, ಮೈದಾನ ಪೂರ್ತಿ ಕೆಸರು. ಆಡಲಿಕ್ಕಂತೂ ಆಗುವುದಿಲ್ಲ, ಜಗಳವಾದರೂ ಮಾಡೋಣ.

ಎಂಟು ವರ್ಷದ ಮೇಲೆ ಸಂಡರ್‌ಲ್ಯಾಂಡ್ ಮತ್ತೆ ಮೇಲೆ, ಅಂದರೆ ಇಂಗ್ಲೆಂಡ್ ಫುಟ್ಬಾಲಿನ ಒಂದನೇ ದರ್ಜೆಯಾದ ಪ್ರೀಮಿಯರ್ ಲೀಗ್‌ಗೆ ಬಂದಿದೆ. ಅಲ್ಲಿ 20 ಟೀಮಲ್ಲಿ ಕೊನೆಯ ಮೂರು ಪ್ರತಿ ವರ್ಷ ಕೆಳಗಿನ ದರ್ಜೆಗೆ ಇಳಿಯುತ್ತವೆ. 2017ರಲ್ಲಿ ಇಳಿದರು, 2018ರಲ್ಲಿ ಇನ್ನೂ ಒಂದು ಮೆಟ್ಟಿಲು ಇಳಿದರು, ಮೂರನೇ ದರ್ಜೆಯಲ್ಲಿ ನಾಲ್ಕು ವರ್ಷ ಕೊಳೆತರು. ಈಗ ವಾಪಸ್ ಬಂದದ್ದಕ್ಕೆ ಖುಷಿಯೇ. ಆದರೆ ಉಳಿಯುತ್ತಾರಾ?

2023ರಲ್ಲಿ ಮೇಲೆ ಬಂದ ಲೂಟನ್, ಬರ್ನ್‌ಲಿ, ಶೆಫೀಲ್ಡ್ ಯುನೈಟೆಡ್ ಮೂವರೂ ಒಂದೇ ವರ್ಷಕ್ಕೆ ಗಂಟುಮೂಟೆ ಕಟ್ಟಿದರು. 2024ರಲ್ಲಿ ಬಂದ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಕಥೆಯೂ ಅದೇ. ಹೋದ ವರ್ಷ ಆ ಮೂರು ಟೀಮ್ ತೆಗೆದ ಪಾಯಿಂಟ್ 25, 22, 12. ಕೂಡಿಸಿದರೆ 59. ಮೂವರದ್ದೂ ಸೇರಿ!

ಈ ಸಲ ಲೀಡ್ಸ್ 100 ಪಾಯಿಂಟ್ ತೆಗೆದು ಬಂತು. ಬರ್ನ್‌ಲಿಗೂ 100, ಅವರು 46 ಮ್ಯಾಚಲ್ಲಿ ಬಿಟ್ಟುಕೊಟ್ಟದ್ದು ಬರೀ 16 ಗೋಲು. ಸಂಡರ್‌ಲ್ಯಾಂಡ್? 76 ಪಾಯಿಂಟ್, ನಾಲ್ಕನೇ ಸ್ಥಾನ, ಅದೂ ಕೊನೆಯ ಐದು ಲೀಗ್ ಮ್ಯಾಚ್ ಸಾಲಾಗಿ ಸೋತು. ಮೂರರಿಂದ ಆರನೇ ಸ್ಥಾನದವರು ಕೊನೆಯ ಒಂದು ಜಾಗಕ್ಕೆ ಆಡುವ ಪ್ಲೇಆಫ್‌ನಲ್ಲಿ ಹೇಗೋ ನುಸುಳಿ ಬಂದವರು. ಬಂದ ಮೇಲೆ ಜೋಬ್ ಬೆಲ್ಲಿಂಗ್‌ಹ್ಯಾಮ್‌ನನ್ನು ಡಾರ್ಟ್‌ಮಂಡ್‌ಗೆ ಮಾರಿದರು. ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದ ಟಾಮ್ ವಾಟ್ಸನ್ ಬ್ರೈಟನ್‌ಗೆ ಹೋದ.

ಬರೆದಿಟ್ಟುಕೊಳ್ಳಿ: 20ನೇ ಸ್ಥಾನ.

ಬಂದರ್_ಬೆಕ್ಕು

ಬೆಳಗ್ಗೆ ಬೆಳಗ್ಗೆ ಎಂತ ಮಾರಾಯ ನಿಂದು! ನಾನು 1999ರಿಂದ ಈ ಟೀಮನ್ನು ನೋಡುತ್ತಿದ್ದೇನೆ. ಆ ಸೀಸನ್‌ನಲ್ಲೂ ಸಂಡರ್‌ಲ್ಯಾಂಡ್ ಕೆಳಗಿನಿಂದ ಆಗಷ್ಟೇ ಬಂದ ಟೀಮೇ. ಏಳನೇ ಸ್ಥಾನದಲ್ಲಿ ಮುಗಿಸಿದರು. ಕೆವಿನ್ ಫಿಲಿಪ್ಸ್ 30 ಗೋಲು ಹೊಡೆದು ಇಡೀ ಯುರೋಪಿನ ಗೋಲ್ಡನ್ ಶೂ ಎತ್ತಿಕೊಂಡ. ಆಗ ಕೇಬಲ್‌ನಲ್ಲಿ ಮ್ಯಾಚ್ ಸಿಕ್ಕಿದರೆ ಸಿಕ್ಕಿತು, ಇಲ್ಲವಾದರೆ ಸೋಮವಾರದ ಪೇಪರಿನ ಮೂಲೆಯಲ್ಲಿ ಸ್ಕೋರ್ ಹುಡುಕಬೇಕು. ಫಿಲಿಪ್ಸ್ ಹೆಸರು ಕಂಡರೆ ಆ ದಿನ ಲಾಯ್ಕ.

"ಹೇಗೋ ನುಸುಳಿ" ಅಂತ ಹೇಳಿದೆಯಲ್ಲ, ಆ ಮ್ಯಾಚ್‌ಗಳನ್ನು ನೋಡಿದ್ದೀಯಾ? ಸೆಮಿಫೈನಲ್‌ನಲ್ಲಿ ಕೊವೆಂಟ್ರಿ ವಿರುದ್ಧ ಹೆಚ್ಚುವರಿ ಸಮಯದ ಕೊಟ್ಟಕೊನೆಗೆ ಡ್ಯಾನ್ ಬ್ಯಾಲಾರ್ಡ್ ತಲೆ ಕೊಟ್ಟು ಗೋಲು ಹೊಡೆದ. ಫೈನಲ್‌ನಲ್ಲಿ ಶೆಫೀಲ್ಡ್ ಒಂದು ಗೋಲು ಮುಂದೆ ಇತ್ತು. 76ನೇ ನಿಮಿಷದಲ್ಲಿ ಮಯೆಂಡಾ ಸಮ ಮಾಡಿದ, 95ನೇ ನಿಮಿಷದಲ್ಲಿ ವಾಟ್ಸನ್ ಮುಗಿಸಿದ. ಆ ಹುಡುಗ ಬ್ರೈಟನ್‌ಗೆ ಹೋಗುವುದು ಮೊದಲೇ ನಿಕ್ಕಿಯಾಗಿತ್ತು. ಹೋಗುವವನು ಊರಿಗೆ ಉಪಕಾರ ಮಾಡಿಯೇ ಹೋದ. ಇದು ನುಸುಳುವುದಲ್ಲ.

ಕದ್ರಿ_ಕಾರ್ನರ್

ಈ ಟೀಮಿಗೆ ಅಲ್ಲಿ ಕರೆಯುವುದೇ ಕಪ್ಪು ಬೆಕ್ಕುಗಳು ಅಂತ. ನಮ್ಮಲ್ಲಿ ಕಪ್ಪು ಬೆಕ್ಕು ಅಡ್ಡ ಬಂದರೆ ಸ್ಕೂಟರ್ ನಿಲ್ಲಿಸುತ್ತಾರೆ. ನಾನು ಇಷ್ಟೇ ಹೇಳುವುದು.

ಮಣಿಪಾಲ_ಮಿಡ್‌ಫೀಲ್ಡ್

ಕೀಪರ್ ಅಣ್ಣ ಕೊಟ್ಟ ಅಂಕಿ ಎಲ್ಲ ಸರಿ. ಆದರೆ ಆ ಟೀಮ್‌ಗಳು ಯಾಕೆ ಇಳಿದವು ಅಂತ ನೋಡಬೇಕಲ್ಲ. ನನಗೆ ಕಾಣುವುದು ಎರಡು ವಿಷಯ.

ಒಂದು, ಆಡುವ ರೀತಿ. 2023ರ ಬರ್ನ್‌ಲಿ, 2024ರ ಸೌತಾಂಪ್ಟನ್ ಕೆಳಗಿನ ದರ್ಜೆಯಲ್ಲಿ ಗೋಲ್‌ಕೀಪರ್‌ನಿಂದಲೇ ಚಿಕ್ಕ ಚಿಕ್ಕ ಪಾಸ್ ಕೊಟ್ಟು ಮೇಲೆ ಬಂದವು. ಅಲ್ಲಿ ಎದುರಾಳಿ ದೂರದಲ್ಲಿ ನಿಂತು ನೋಡುತ್ತಾನೆ. ಇಲ್ಲಿ ಮೂರು ಜನ ಒಟ್ಟಿಗೆ ಮೈಮೇಲೆ ಬೀಳುತ್ತಾರೆ. ಪೆನಾಲ್ಟಿ ಬಾಕ್ಸ್ ಹತ್ತಿರವೇ ಚೆಂಡು ಕಳೆದುಕೊಂಡರೆ ಗೋಲು ಗ್ಯಾರಂಟಿ. ಹಾಗೆ ಗೋಲು ತಿಂದರೂ ಹಟ ಬಿಡಲಿಲ್ಲ. ಸೌತಾಂಪ್ಟನ್ 12 ಪಾಯಿಂಟ್ ತೆಗೆದದ್ದು ಸುಮ್ನೆ ಅಲ್ಲ. ಅತಿ ಕಮ್ಮಿ ಪಾಯಿಂಟಿನ ದಾಖಲೆ, ಡರ್ಬಿ ಕೌಂಟಿಯ 11ರಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡರು.

ಎರಡು, ದುಡ್ಡು. ಪ್ರೀಮಿಯರ್ ಲೀಗ್ ಕ್ಲಬ್ ಮೂರು ವರ್ಷದಲ್ಲಿ ಒಟ್ಟು 105 ಮಿಲಿಯನ್ ಪೌಂಡ್ ತನಕ ನಷ್ಟ ತೋರಿಸಬಹುದು, ಅಂದರೆ ವರ್ಷಕ್ಕೆ 35. ಆದರೆ ಕೆಳಗಿನ ದರ್ಜೆಯಲ್ಲಿ ಕಳೆದ ಒಂದೊಂದು ವರ್ಷಕ್ಕೂ ಆ 35 ಹೋಗಿ 13 ಆಗುತ್ತದೆ. ಹೊಸಬರಿಗೆ ಖರ್ಚು ಜಾಸ್ತಿ ಬೇಕು, ಮಿತಿ ಮಾತ್ರ ಕಮ್ಮಿ. ವಾಟ್ಸನ್ ಅಂಥವರನ್ನು ಮಾರುವುದು ಅದಕ್ಕೇ. ತಮ್ಮದೇ ಅಕಾಡೆಮಿಯ ಹುಡುಗ, ಬಂದ ದುಡ್ಡೆಲ್ಲ ಲಾಭದ ಲೆಕ್ಕಕ್ಕೆ ಹೋಗುತ್ತದೆ.

ಇನ್ನೊಂದು ಮಾತು. ಇಳಿದ ಕ್ಲಬ್‌ಗಳಿಗೆ ಕೆಲವು ವರ್ಷ ಪ್ಯಾರಾಚೂಟ್ ದುಡ್ಡು ಸಿಗುತ್ತದೆ, ಟಿವಿ ಹಣದ ಒಂದು ಪಾಲು. ಲೀಡ್ಸ್, ಬರ್ನ್‌ಲಿ, ಶೆಫೀಲ್ಡ್ ಎಲ್ಲರ ಹತ್ತಿರವೂ ಅದು ಇತ್ತು. ಸಂಡರ್‌ಲ್ಯಾಂಡ್‌ಗೆ ಅದು ನಿಂತು ಎಷ್ಟೋ ವರ್ಷ ಆಯಿತು. ಅದಿಲ್ಲದೆ ಎಳೆಯ ಹುಡುಗರನ್ನು ಕಟ್ಟಿಕೊಂಡು ಮೇಲೆ ಬಂದವರನ್ನು 76 ಪಾಯಿಂಟ್ ಅಂತ ಹಗುರ ಮಾಡಬಾರದು.

ಕುದ್ರೋಳಿ_ಕೀಪರ್

ಎಂಜಿನಿಯರಿಂಗ್ ಹುಡುಗ ಅಲ್ವಾ, ಅಸೈನ್‌ಮೆಂಟ್ ಬರೆದ ಹಾಗೆ ಬರೆದಿದ್ದಾನೆ. ಚೆನ್ನಾಗುಂಟು. ಆದರೆ ಕೋಚ್ ಬಗ್ಗೆ ಯಾಕೆ ಮಾತಿಲ್ಲ? ರೆಜಿಸ್ ಲೆ ಬ್ರಿ ಇದಕ್ಕೆ ಮೊದಲು ಫ್ರಾನ್ಸಿನ ಲೋರಿಯಾಂಟ್‌ನಲ್ಲಿದ್ದ. 2024ರಲ್ಲಿ ಅದನ್ನೇ ಇಳಿಸಿ ಬಂದವನು.

ಬಂದರ್_ಬೆಕ್ಕು

ಅದೇ ಲೋರಿಯಾಂಟನ್ನು ಅದರ ಹಿಂದಿನ ವರ್ಷ 10ನೇ ಸ್ಥಾನದಲ್ಲಿ ನಿಲ್ಲಿಸಿದ್ದೂ ಅವನೇ. ಅರ್ಧ ಮಾತ್ರ ಹೇಳಬೇಡ. ಮತ್ತೆ, ಬರ್ನ್‌ಲಿಯನ್ನು ಇಳಿಸಿದ ಕೋಚ್ ವಿನ್ಸೆಂಟ್ ಕೊಂಪನಿ ಅದೇ ತಿಂಗಳು ಜರ್ಮನಿಯ ದೊಡ್ಡ ಕ್ಲಬ್ ಬಾಯರ್ನ್‌ಗೆ ಕೋಚ್ ಆದ. ಇಳಿಸಿದವನಿಗೆಲ್ಲ ಶಾಪ ಇರುವುದಿಲ್ಲ.

ಉಳ್ಳಾಲ_7

ಒಂದು ತಿದ್ದುಪಡಿ. ಯಾರೂ ಇನ್ನೂ ಹೇಳಿಲ್ಲ, ಆದರೆ ಹೇಳಿಯೇ ಹೇಳುತ್ತೀರಿ, ಅದಕ್ಕೇ ಮೊದಲೇ ಹಾಕುತ್ತೇನೆ. "ಉಳಿಯಲಿಕ್ಕೆ 40 ಪಾಯಿಂಟ್ ಬೇಕು" ಅನ್ನುವುದು ಹಳೇ ಮಾತು. 2003ರಲ್ಲಿ ವೆಸ್ಟ್ ಹ್ಯಾಮ್ 42 ತೆಗೆದೂ ಇಳಿದಿತ್ತು, ನಿಜ. ಆದರೆ ಹೋದ ವರ್ಷ 18ನೇ ಸ್ಥಾನದ ಲೆಸ್ಟರ್ ಹತ್ತಿರ ಇದ್ದದ್ದು 25. ಅದರ ಹಿಂದಿನ ವರ್ಷ ಲೂಟನ್ ಹತ್ತಿರ 26. ಅಂದರೆ 27 ತೆಗೆದಿದ್ದರೆ ಎರಡೂ ವರ್ಷ ಬಚಾವ್. ಸಂಡರ್‌ಲ್ಯಾಂಡ್‌ಗೆ ತಮ್ಮದೇ ಮೈದಾನ ನ್ಯೂ ಸ್ಟೇಡಿಯಂ ಆಫ್ ಲೈಟ್‌ನಲ್ಲಿ 19 ಮ್ಯಾಚ್ ಉಂಟು. ಅದರಲ್ಲಿ ಆರು ಗೆದ್ದು, ಅಲ್ಲಿ ಇಲ್ಲಿ ಡ್ರಾ ಮಾಡಿಕೊಂಡರೆ ಸಾಕು.

ಕುದ್ರೋಳಿ_ಕೀಪರ್

"ಬರೀ 27 ಸಾಕು" ಅನ್ನುವುದು ಸುಲಭ. ಆ ಆರೂ ಟೀಮಿಗೆ ಅದೂ ಆಗಲಿಲ್ಲವಲ್ಲ! ಮತ್ತೆ ಅದು "ನ್ಯೂ" ಅಲ್ಲ, ಬರೀ ಸ್ಟೇಡಿಯಂ ಆಫ್ ಲೈಟ್. 1997ರದ್ದು.

ಬೆಂಗ್ರೆ_ವಿಂಗರ್

ಇಷ್ಟು ಆಟಗಾರರನ್ನು ಒಟ್ಟಿಗೆ ತಂದದ್ದೇ ನನಗೆ ಭಯ. ದಿಯಾರಾ, ಸದಿಕಿ, ತಾಲ್ಬಿ, ಅಡಿಂಗ್ರಾ, ರೈನಿಲ್ಡೊ, ಜಾಕಾ, ಈಗ ಗೋಲ್‌ಕೀಪರ್ ರೂಫ್ಸ್. ಇನ್ನೂ ತರುತ್ತಾರಂತೆ.

ನಮ್ಮದೇ ಒಂದು ಕಥೆ ಕೇಳಿ. ಕೆಲವು ವರ್ಷದ ಹಿಂದೆ ನಮ್ಮ ಟೀಮ್ ಒಂದು ದೊಡ್ಡ ಟೂರ್ನಮೆಂಟಿಗೆ ಹೆಸರು ಕೊಟ್ಟಿತು. ಯಾವಾಗಲೂ ಬೆಂಗ್ರೆಯ ಹುಡುಗರೇ ಆಡುವುದು. ಹೊಳೆಯ ಆಚೆ ಈಚೆ ದೋಣಿಯಲ್ಲಿ ಒಟ್ಟಿಗೆ ಹೋಗಿ ಬರುವವರು, ಮರಳಲ್ಲಿ ಸಣ್ಣದರಿಂದ ಆಡಿದವರು. ಆ ಸಲ ಒಬ್ಬರು ದುಡ್ಡು ಹಾಕಲು ಮುಂದೆ ಬಂದರು. ಕಾಸರಗೋಡು ಕಡೆಯಿಂದ ಐದು ಜನ ಗೆಸ್ಟ್ ಬಂದರು. ಒಬ್ಬೊಬ್ಬರೂ ನಮಗಿಂತ ಭಾರಿ ಆಟಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮ್ಯಾಚ್ ಶುರುವಾದ ಮೇಲೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ. ನಮ್ಮ ಡಿಫೆಂಡರ್ "ಏ ನೀಲಿ ಶೂ, ಏ ನೀಲಿ ಶೂ, ಹಿಂದೆ ನೋಡು" ಅಂತ ಬೊಬ್ಬೆ ಹೊಡೆಯುತ್ತಿದ್ದಾನೆ. ನೀಲಿ ಶೂ ಹಾಕಿದವರು ಇಬ್ಬರಿದ್ದರು. ಇಬ್ಬರೂ ತಿರುಗಿ ನೋಡಿದರು. ಚೆಂಡು ಇಬ್ಬರ ಮಧ್ಯದಲ್ಲಿ ಹೋಯಿತು. ಕೆಸರಲ್ಲಿ ಅರ್ಧ ದಾರಿಗೆ ನಿಂತಿತು ಕೂಡ! ಆದರೂ ಎದುರು ಟೀಮಿನವನೇ ಮೊದಲು ಮುಟ್ಟಿದ. ಮೊದಲನೇ ಸುತ್ತಲ್ಲೇ ಮನೆಗೆ.

ಕದ್ರಿ_ಕಾರ್ನರ್

ನೀಲಿ ಶೂ 😂😂 ಲೆ ಬ್ರಿಗೆ ಯಾರಾದರೂ ತಿಳಿಸಿ, ಎಲ್ಲರಿಗೂ ಬೇರೆ ಬೇರೆ ಬಣ್ಣದ ಶೂ.

ಮಣಿಪಾಲ_ಮಿಡ್‌ಫೀಲ್ಡ್

ವಿಂಗರ್ ಭಾಯ್, ಕಥೆ ಸೂಪರ್. ಆದರೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ 2022ರಲ್ಲಿ ಮೇಲೆ ಬಂದಾಗ 20ಕ್ಕಿಂತ ಜಾಸ್ತಿ ಜನರನ್ನು ತಂದಿತ್ತು. ಎಲ್ಲರೂ ನಕ್ಕರು. 38 ಪಾಯಿಂಟ್ ತೆಗೆದು ಉಳಿದರು. ಈಗ ಯುರೋಪ್‌ನಲ್ಲಿ ಆಡುತ್ತಾರೆ. ಲೂಟನ್ ಕಮ್ಮಿ ಖರ್ಚಲ್ಲಿ, ಹಳಬರನ್ನೇ ನಂಬಿ ಬಂತು. ಎಲ್ಲರೂ ಹೊಗಳಿದರು. ಇಳಿದರು.

ಬೆಂಗ್ರೆ_ವಿಂಗರ್

ಫಾರೆಸ್ಟ್‌ಗೆ ತರಬೇತಿ ಮಾಡಲಿಕ್ಕೆ ದಿನಾ ಗ್ರೌಂಡ್ ಉಂಟಲ್ಲ ಮಾರಾಯ. ನಮಗೆ ಆ ಐದು ಜನ ಸಿಕ್ಕಿದ್ದೇ ಮ್ಯಾಚ್ ದಿನ ಬೆಳಗ್ಗೆ, ಬಸ್ ಸ್ಟ್ಯಾಂಡಲ್ಲಿ.

ಕಾಪು_ಲೈಟ್‌ಹೌಸ್

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಆಫ್ರಿಕಾ ಕಪ್! ಡಿಸೆಂಬರ್ 21ರಿಂದ ಜನವರಿ 18ರ ತನಕ ಮೊರಾಕ್ಕೊದಲ್ಲಿ ಉಂಟು. ಈಗ ಲಿಸ್ಟ್ ನೋಡಿ. ದಿಯಾರಾ ಸೆನೆಗಲ್. ಸದಿಕಿ ಡಿಆರ್ ಕಾಂಗೊ. ತಾಲ್ಬಿ ಮೊರಾಕ್ಕೊ. ಅಡಿಂಗ್ರಾ ಐವರಿ ಕೋಸ್ಟ್. ರೈನಿಲ್ಡೊ ಮೊಜಾಂಬಿಕ್. ಐದೂ ದೇಶ ಆಡುತ್ತವೆ. ಕ್ರಿಸ್‌ಮಸ್ ಹೊತ್ತಲ್ಲಿ ಮೂರು ನಾಲ್ಕು ದಿನಕ್ಕೊಂದು ಮ್ಯಾಚ್ ಇರುತ್ತದೆ. ಆಗ ಅರ್ಧ ಟೀಮ್ ಇಲ್ಲದೆ ಆಡಬೇಕು. ಕೆಳಗಿನ ಟೀಮ್‌ಗಳ ಹಣೆಬರಹ ಬರೆಯುವುದೇ ಆ ತಿಂಗಳು.

ಹಾಗಾಗಿ ನನ್ನ ಲೆಕ್ಕ ಬೇರೆ. ಡಿಸೆಂಬರ್ ಮಧ್ಯದ ಒಳಗೆ 20 ಪಾಯಿಂಟ್ ಆದರೆ ಉಳಿಯುತ್ತಾರೆ. ಆಗದಿದ್ದರೆ ಕಷ್ಟ.

ಬಂದರ್_ಬೆಕ್ಕು

ಅಕ್ಕ, ಇದು ನಿಜವಾಗಿಯೂ ತಲೆನೋವಿನ ವಿಷಯ. ಇಷ್ಟು ಹೊತ್ತು ಕೀಪರ್ ಹೇಳಿದ್ದಕ್ಕೆಲ್ಲ ನಗು ಬಂತು, ಇದಕ್ಕೆ ಬರಲಿಲ್ಲ.

ಸುರತ್ಕಲ್_ಸಬ್‌ಸ್ಟಿಟ್ಯೂಟ್

ವಿಷಯಕ್ಕೆ ಸಂಬಂಧ ಇಲ್ಲ. ಫ್ಯಾಂಟಸಿ ಟೀಮಿಗೆ ಅಗ್ಗದ ಗೋಲ್‌ಕೀಪರ್ ಬೇಕು. ರೂಫ್ಸ್ ಹಾಕಬಹುದಾ?

ಕುದ್ರೋಳಿ_ಕೀಪರ್

ಹಾಕು. ಸೇವ್ ಪಾಯಿಂಟ್ ಭರ್ತಿ ಸಿಗುತ್ತದೆ. ಮ್ಯಾಚಿಗೆ ಹತ್ತು ಶಾಟ್ ಬರುತ್ತದಲ್ಲ.

ಪಡೀಲ್_ಪ್ಯಾಸೆಂಜರ್

ಇಂಗ್ಲೆಂಡಿನ ಲೀಗ್‌ನ ಚಿಂತೆ ನಿಮಗೆ. ನಮ್ಮಲ್ಲಿ ಒಂದನೇ ದರ್ಜೆಯೇ ನಿಂತು ಹೋಗಿದೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಈ ಸೀಸನ್ ತಡೆಹಿಡಿದಿದ್ದೇವೆ ಅಂತ ಜುಲೈನಲ್ಲೇ ಹೇಳಿದ್ದಾರೆ. ಫೆಡರೇಶನ್ ಜೊತೆಗಿನ ಒಪ್ಪಂದ ಮುಗಿಯುತ್ತಾ ಬಂತು, ಹೊಸದು ಆಗಿಲ್ಲ. ಆಟಗಾರರಿಗೆ ಸಂಬಳ ಉಂಟೋ ಇಲ್ಲವೋ ಗೊತ್ತಿಲ್ಲ. ಇದರ ಬಗ್ಗೆ ಒಬ್ಬರೂ ಬಾಯಿ ಬಿಡುವುದಿಲ್ಲ.

ಉಳ್ಳಾಲ_7

ಬಿಡುತ್ತೇವೆ. ಹೊಸಬರ ಕಥೆ ನಮ್ಮಲ್ಲೂ ಉಂಟಲ್ಲ. ಐ-ಲೀಗ್ ಗೆದ್ದು 2023ರಲ್ಲಿ ಪಂಜಾಬ್ ಮೇಲೆ ಬಂತು, ಮೊದಲ ವರ್ಷವೇ ಎಂಟನೇ ಸ್ಥಾನ. ಮರು ವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್ ಬಂತು. ನೂರು ವರ್ಷ ದಾಟಿದ ಕ್ಲಬ್, ಕೋಲ್ಕತ್ತಾದಲ್ಲಿ ಅಷ್ಟು ಜನ. ಕೊನೆಯ ಸ್ಥಾನದಲ್ಲಿ ಮುಗಿಸಿತು. ಸಂಬಳದ ತಕರಾರಿನಲ್ಲಿ ಆಟಗಾರರು ಪ್ರಾಕ್ಟೀಸಿಗೇ ಬಾರದ ಸುದ್ದಿ ನೋಡಿದ್ದೇವೆ. ಹೆಸರು, ಇತಿಹಾಸ, ಜನ ಇದ್ದರೆ ಸಾಲದು ಅನ್ನುವುದಕ್ಕೆ ಬೇರೆ ಉದಾಹರಣೆ ಬೇಡ. ಸಂಡರ್‌ಲ್ಯಾಂಡ್ ಕೂಡ ಎರಡು ಸಲ ಸಾಲಾಗಿ ಇಳಿದದ್ದು 49 ಸಾವಿರ ಸೀಟಿನ ಸ್ಟೇಡಿಯಂ ಇಟ್ಟುಕೊಂಡೇ.

ಪಡೀಲ್_ಪ್ಯಾಸೆಂಜರ್

ಅದೇ ಮೊಹಮ್ಮಡನ್ ಜನವರಿಯಲ್ಲಿ ಕಂಠೀರವಕ್ಕೆ ಬಂದು ಬೆಂಗಳೂರು ಎಫ್‌ಸಿಯನ್ನು 1-0ಯಿಂದ ಸೋಲಿಸಿ ಹೋಯಿತು. ಕೊನೆಯ ಹೊತ್ತಲ್ಲಿ ಫ್ರೀಕಿಕ್. ಕಟ್ಟಕಡೆಯ ಟೀಮ್ ಬಂದು ನಮ್ಮ ಮನೆಯಲ್ಲೇ ಗೆಲ್ಲುವುದು ಅಂದರೆ! ಮಜಾ ಎಂತ ಗೊತ್ತಾ, ಐಎಸ್‌ಎಲ್‌ನಲ್ಲಿ ಕೊನೆ ಬಂದರೂ ಇಳಿಯುವುದಿಲ್ಲ. ಕೆಳಗಿನಿಂದ ಬರಬಹುದು, ಮೇಲಿನಿಂದ ಹೋಗಬೇಕಾಗಿಲ್ಲ. ಇಳಿಯುವ ಹೆದರಿಕೆ ಇಲ್ಲದಿದ್ದರೆ ಮಾರ್ಚ್ ತಿಂಗಳಲ್ಲಿ 11ನೇ ಸ್ಥಾನದ ಟೀಮಿನ ಮ್ಯಾಚ್ ಯಾರು ನೋಡುತ್ತಾರೆ?

ಕುದ್ರೋಳಿ_ಕೀಪರ್

ಇದನ್ನು ಮಾತ್ರ ನೂರಕ್ಕೆ ನೂರು ಒಪ್ಪುತ್ತೇನೆ.

ಅಡ್ಮಿನ್

ಐಎಸ್‌ಎಲ್ ಬಗ್ಗೆ ಬೇರೆ ಚರ್ಚೆ ಓಪನ್ ಉಂಟು, ಅಲ್ಲಿ ಹೋಗಿ ಬೈಯಿರಿ. ಇಲ್ಲಿ ಸಂಡರ್‌ಲ್ಯಾಂಡ್.

ಬೋಳೂರು_ಬಾಕ್ಸ್_ಟು_ಬಾಕ್ಸ್

ಸಂಡರ್‌ಲ್ಯಾಂಡ್ ವಿಷಯವೇ ಹೇಳುತ್ತೇನೆ ಅಡ್ಮಿನ್, ಸಿಟ್ಟು ಮಾಡಬೇಡಿ. ಕಪ್ಪು ಬೆಕ್ಕು ಅನ್ನುವ ಹೆಸರು ಬಂದದ್ದು ಅಲ್ಲಿನ ವೇರ್ ನದಿಯ ದಡದಲ್ಲಿದ್ದ ಒಂದು ಫಿರಂಗಿ ಬ್ಯಾಟರಿಯಿಂದಂತೆ. ಬ್ಲ್ಯಾಕ್ ಕ್ಯಾಟ್ ಬ್ಯಾಟರಿ. ಅಭಿಮಾನಿಗಳು ವೋಟ್ ಹಾಕಿ ಅದನ್ನು ಕ್ಲಬ್ಬಿಗೆ ಇಟ್ಟದ್ದು 2000ದಲ್ಲಿ. ನಮ್ಮ ಮನೆ ಹಿಂದೆ ಟಿಪ್ಪುವಿನ ಸುಲ್ತಾನ್ ಬತ್ತೇರಿ ಉಂಟು, ಅದೂ ಹೊಳೆ ಬದಿಯಲ್ಲಿ ಹಡಗು ಕಾಯಲಿಕ್ಕೆ ಕಟ್ಟಿದ್ದು. ಅವರದ್ದೂ ಬಂದರು, ಹಡಗು ಕಟ್ಟುವವರ ಊರು. ಸ್ಟೇಡಿಯಂ ಇರುವುದು ಹಳೇ ಕಲ್ಲಿದ್ದಲು ಗಣಿಯ ಜಾಗದಲ್ಲಿ. ಹೊರಗೆ ಗಣಿ ಕೆಲಸದವರ ಲಾಂದ್ರದ ಸ್ಮಾರಕ ಉಂಟು. ಸ್ಟೇಡಿಯಂ ಹೆಸರಿನ ಬೆಳಕು ಅದೇ.

ನಮ್ಮಲ್ಲಿ ಬತ್ತೇರಿ ಉಂಟು, ಹೊಳೆ ಉಂಟು, ಬಂದರು ಉಂಟು. ಟೀಮ್ ಒಂದು ಇಲ್ಲ.

ಕದ್ರಿ_ಕಾರ್ನರ್

ಟೀಮ್ ಇದ್ದರೆ ಅದಕ್ಕೂ ಈ ಕೀಪರ್ 20ನೇ ಸ್ಥಾನ ಕೊಡುತ್ತಿದ್ದ.

ಕಾಪು_ಲೈಟ್‌ಹೌಸ್

ಜಾಕಾ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಆಶ್ಚರ್ಯ. ದೊಡ್ಡ ವಿಷಯ ಅದೇ ಅಲ್ವಾ?

ಅತ್ತಾವರ_ಆರ್ಸೆನಲ್

ನಾನು ಏಳು ವರ್ಷ ನಮ್ಮ ಆರ್ಸೆನಲ್‌ನಲ್ಲಿ ಅವನನ್ನು ನೋಡಿ ಬಿಪಿ ಏರಿಸಿಕೊಂಡವನು. ಸುಮ್ನೆ ಸುಮ್ನೆ ಕೆಂಪು ಕಾರ್ಡ್. 2019ರಲ್ಲಿ ನಮ್ಮದೇ ಜನ ಕೂಗಿದಾಗ ಜೆರ್ಸಿ ಬಿಚ್ಚಿ ಒಳಗೆ ಹೋದ, ಕ್ಯಾಪ್ಟನ್ ಪಟ್ಟಿ ಹೋಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಮುಗಿಯಲಿಲ್ಲ, ಅದೇ ಜನ ಆಮೇಲೆ ಅವನ ಹೆಸರಲ್ಲಿ ಹಾಡು ಹಾಡಿದರು. ಲೆವರ್‌ಕುಸನ್‌ಗೆ ಹೋದ ಮೊದಲ ವರ್ಷವೇ ಒಂದೂ ಮ್ಯಾಚ್ ಸೋಲದೆ ಜರ್ಮನ್ ಲೀಗ್ ಗೆದ್ದ.

ಕಾಲಿನ ವೇಗ ಅವನಿಗೆ ಯಾವತ್ತೂ ಇರಲಿಲ್ಲ, 32ರಲ್ಲಿ ಬರುವುದೂ ಇಲ್ಲ. ಆದರೆ ಮ್ಯಾಚ್ ನೋಡುವಾಗ ಚೆಂಡು ಬಿಟ್ಟು ಅವನನ್ನೇ ನೋಡಿ. ಕೈ ಒಂದು ಕ್ಷಣ ಸುಮ್ಮನಿರುವುದಿಲ್ಲ. ನೀನು ಅಲ್ಲಿ, ನೀನು ಎರಡು ಹೆಜ್ಜೆ ಹಿಂದೆ, ನೀನು ಅವನನ್ನು ಹಿಡಿ. ಪಾಸ್ ಬರುವ ಮೊದಲೇ ಎರಡೂ ಭುಜದ ಮೇಲಿಂದ ಒಂದೊಂದು ಸಲ ಹಿಂದೆ ನೋಡಿರುತ್ತಾನೆ. ಇಪ್ಪತ್ತರ ಆಸುಪಾಸಿನ ಹುಡುಗರ ಮಧ್ಯೆ ಅಂಥವನೊಬ್ಬ ಬೇಕು. ಹೋದ ಎರಡು ವರ್ಷ ಇಳಿದ ಆರು ಟೀಮಲ್ಲಿ ಅಂಥವನೊಬ್ಬ ಎಲ್ಲಿದ್ದ, ಹೇಳಿ ನೋಡೋಣ.

ಕುದ್ರೋಳಿ_ಕೀಪರ್

ಲೆಸ್ಟರ್‌ನಲ್ಲಿ ವಾರ್ಡಿ ಇದ್ದ.

ಅತ್ತಾವರ_ಆರ್ಸೆನಲ್

ವಾರ್ಡಿ ಗೋಲು ಹೊಡೆಯುವವನು, ಎದುರು ಗ್ಯಾಲರಿಯವರನ್ನು ಕೆಣಕುವವನು. ಮಧ್ಯದಲ್ಲಿ ನಿಂತು ಟೀಮನ್ನು ನಡೆಸುವವನು ಅಲ್ಲ. ಕೀಪರ್ ಆಗಿ ನಿನಗೆ ಇಷ್ಟು ಗೊತ್ತಿರಬೇಕು.

ಬೆಂಗ್ರೆ_ವಿಂಗರ್

ಇದು ಸರಿ. ಆ ದಿನ ನಮ್ಮ ಟೀಮಲ್ಲೂ ಹೆಸರು ಹಿಡಿದು ಕರೆಯುವವನೊಬ್ಬ ಇದ್ದಿದ್ದರೆ...

ಬಂದರ್_ಬೆಕ್ಕು

ಇನ್ನೊಂದು ಉಂಟು. ಡಿಸೆಂಬರ್‌ನಲ್ಲಿ ಪಕ್ಕದ ಊರಿನ ಎದುರಾಳಿ ನ್ಯೂಕಾಸಲ್ ನಮ್ಮಲ್ಲಿಗೆ ಬರುತ್ತದೆ. ಲೀಗ್‌ನಲ್ಲಿ ಇವರಿಬ್ಬರು ಆಡಿ 2016 ಮಾರ್ಚ್‌ಗೆ ಕೊನೆ. 2024ರ ಎಫ್‌ಎ ಕಪ್‌ನಲ್ಲಿ ಬಂದು 3-0 ಹೊಡೆದು ಹೋದರು, ಅದು ಬಾಕಿ ಉಂಟು. ಆ ಮ್ಯಾಚ್ ಗೆದ್ದರೆ ಇಳಿದರೂ ನನಗೆ ಬೇಸರ ಇಲ್ಲ. ಸುಳ್ಳು, ಬೇಸರ ಉಂಟು. ಆದರೂ.

ಬಂದರ್_ಬೆಕ್ಕು · ಆಗಸ್ಟ್ 16

ಏಳೂವರೆಗೆ ಶುರು. ವೆಸ್ಟ್ ಹ್ಯಾಮ್. ಯಾರೆಲ್ಲ ನೋಡುತ್ತಿದ್ದೀರಿ?

ಉಳ್ಳಾಲ_7

ನಾನು. ಅರ್ಧ ಗಂಟೆ ಆಯಿತು, ಕರೆಂಟ್ ಎರಡು ಸಲ ಹೋಯಿತು, ಗೋಲು ಒಂದೂ ಬರಲಿಲ್ಲ. ಮೊಬೈಲ್‌ನಲ್ಲಿ ಹಾಕಿದ್ದೇನೆ.

ಬಂದರ್_ಬೆಕ್ಕು

ಮಯೆಂಡಾಆಆಆ

ಉಳ್ಳಾಲ_7

ಹೇಳಬೇಡ ಮಾರಾಯ, ನನಗೆ ಇನ್ನೂ ಒಂದು ನಿಮಿಷ ಹಿಂದೆ ಉಂಟು!!

ಬಂದರ್_ಬೆಕ್ಕು

ಬ್ಯಾಲಾರ್ಡ್! ಇದೂ ತಲೆಯಲ್ಲಿ. ಉಳ್ಳಾಲ ಸಾರಿ.

ಮಣಿಪಾಲ_ಮಿಡ್‌ಫೀಲ್ಡ್

ಕೊನೆಗೆ ಇಸಿಡೋರ್ ಕೂಡ. 3-0. ಚೆಂಡನ್ನು ಸುಮ್ನೆ ಹಿಂದೆ ಹಿಂದೆ ಆಡಲಿಲ್ಲ ನೋಡಿ. ಬೇಕಾದಾಗ ಉದ್ದ ಹೊಡೆದರು, ಎರಡು ಬದಿಯಿಂದ ಒಳಗೆ ಹಾಕಿದರು. ಸೌತಾಂಪ್ಟನ್ ಮಾಡದ್ದನ್ನು ಮೊದಲ ದಿನವೇ ಮಾಡಿದರು. ಮತ್ತೆ ಅತ್ತಾವರ ಹೇಳಿದ ಹಾಗೆ ಜಾಕಾನನ್ನೇ ನೋಡಿದೆ. ಕೈ ನಿಜವಾಗಿಯೂ ನಿಲ್ಲುವುದಿಲ್ಲ.

ಸುರತ್ಕಲ್_ಸಬ್‌ಸ್ಟಿಟ್ಯೂಟ್

ರೂಫ್ಸ್ ಕ್ಲೀನ್ ಶೀಟ್. ಕೀಪರ್ ಅಣ್ಣನಿಗೆ ಥ್ಯಾಂಕ್ಸ್.

ಕದ್ರಿ_ಕಾರ್ನರ್

@ಕುದ್ರೋಳಿ_ಕೀಪರ್ ಎಲ್ಲಿದ್ದೀರಿ ಸರ್? 20ನೇ ಸ್ಥಾನ ಯಾವ ಕಡೆಯಿಂದ ಎಣಿಸಬೇಕು?

ಕುದ್ರೋಳಿ_ಕೀಪರ್

ಒಂದು ಮ್ಯಾಚ್. ವೆಸ್ಟ್ ಹ್ಯಾಮ್ ಡಿಫೆನ್ಸ್‌ನಲ್ಲಿ ನಮ್ಮ ಬೀದಿಯ ದನ ಕೂಡ ಗೋಲು ಹೊಡೆಯುತ್ತದೆ. ಇನ್ನೂ 37 ಉಂಟು.

ಕಾಪು_ಲೈಟ್‌ಹೌಸ್

ಮೂರು ಆಯಿತು. ಡಿಸೆಂಬರ್ ಒಳಗೆ ಇನ್ನು 17.

ಕುದ್ರೋಳಿ_ಕೀಪರ್ · ಆಗಸ್ಟ್ 23

ಬರ್ನ್‌ಲಿ 2, ಸಂಡರ್‌ಲ್ಯಾಂಡ್ 0. ನಾನು ಏನೂ ಹೇಳುವುದಿಲ್ಲ.

ಬಂದರ್_ಬೆಕ್ಕು

ಹೇಳಿಯಾಯಿತಲ್ಲ.

ಬೆಂಗ್ರೆ_ವಿಂಗರ್

ಜಗಳ ಆಮೇಲೆ ಮಾಡಿ. ಭಾನುವಾರ ಮಳೆ ಬಿಟ್ಟರೆ ಬೆಂಗ್ರೆಯಲ್ಲಿ ಏಳು ಜನರ ಮ್ಯಾಚ್ ಉಂಟು, ಒಬ್ಬ ಗೋಲ್‌ಕೀಪರ್ ಕಮ್ಮಿ. ಕುದ್ರೋಳಿ ಬರುತ್ತೀಯಾ? ನೀಲಿ ಶೂ ಮಾತ್ರ ಬೇಡ.